ಟಕ್ ಎನ್ನದ ಚಾಕು

ಮಾವನವರ ಮಡಚು ಚಾಕುವಿನ ತುದಿ ಮುರಿದ ದಿನ ಪರೀಕ್ಷಕರು ಹೆಂಡತಿಯ ಎದುರು ನಿಂತು ಘನಘೋರ ಪ್ರತಿಜ್ಞೆಯೊಂದನ್ನು ಮಾಡಿದರು. ಮಾವನವರು ಬರುವ ಭಾನುವಾರದೊಳಗೆ ಅದೇ ಕಂಪನಿಯ, ಅದೇ ಮಾದರಿಯ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಚಾಕು ತಂದು ಇದೇ ಮೇಜಿನ ಮೇಲೆ ಇಡುತ್ತೇನೆ, ಮಾವನವರಿಗಿರಲಿ, ಅವರ ಕನ್ನಡಕಕ್ಕೂ ಗೊತ್ತಾಗಬಾರದು ಎಂದರು.

"ಇಪ್ಪತ್ತೆರಡು ವರ್ಷ ಉಕ್ಕಿನ ಜೊತೆ ಸಂಸಾರ ಮಾಡಿದೀನಿ ಕಣೇ."

"ನನ್ನ ಜೊತೆ ಹದಿನೆಂಟು ಮಾಡಿದೀರಿ. ಪೇಂಟ್ ಡಬ್ಬಿ ಮುಚ್ಚಳ ಎಬ್ಬಿಸೋಕೆ ಚಮಚ ತಗೊಳ್ಳಿ ಅಂದಾಗ ಕೇಳಿದ್ರಾ?"

ಕೇಳಿರಲಿಲ್ಲ. ಮಾವನವರು ಕಳೆದ ಸಲ ಬಂದಾಗ ಮರೆತು ಬಿಟ್ಟುಹೋದ ಚಾಕು ಕಣ್ಣೆದುರೇ ಇತ್ತು, ಪೇಂಟ್ ಡಬ್ಬಿಯೂ ಇತ್ತು. ವಿನಾಶಕಾಲೇ ವಿಪರೀತ ಬುದ್ಧಿ! ಮುಚ್ಚಳ ಏಳಲಿಲ್ಲ, ಅಲಗಿನ ತುದಿ ಹಾರಿತು. ಮಾವನವರು ಗಡಿಯಾರ ರಿಪೇರಿ ಮಾಡುತ್ತಿದ್ದವರು, ಈಗ ನಿವೃತ್ತರು. ನಲವತ್ತು ವರ್ಷ ಆ ಚಾಕುವನ್ನು ಯಾರ ಕೈಗೂ ಕೊಟ್ಟವರಲ್ಲ. ಅಂಥವರು ಮದುವೆಯ ದಿನ ನೆಂಟರೆಲ್ಲರ ಮುಂದೆ, ನಮ್ಮ ಅಳಿಯಂದಿರ ಕೈಗೆ ಹೋದದ್ದು ಯಾವುದೂ ಹಾಳಾಗುವುದಿಲ್ಲ ಎಂದು ಹೊಗಳಿಬಿಟ್ಟಿದ್ದರು. ಆ ಒಂದು ಮಾತನ್ನು ಪರೀಕ್ಷಕರು ಹದಿನೆಂಟು ವರ್ಷದಿಂದ ಜೋಪಾನ ಮಾಡಿಕೊಂಡು ಬಂದಿದ್ದರು. ಈಗ ಅದರ ತುದಿಯೂ ಮುರಿಯುವ ಹಾಗಿತ್ತು.

ಪರೀಕ್ಷಕರು ಎಂದರೆ ಸ್ಪ್ರಿಂಗ್ ಕಾರ್ಖಾನೆಯ ಕೊನೆಯ ಮೇಜಿನವರು. ಬೀಗಕ್ಕೋ, ಕ್ಲಿಪ್ಪಿಗೋ, ಮತ್ಯಾವುದಕ್ಕೋ ಹೋಗುವ ಚಪ್ಪಟೆ ಸ್ಪ್ರಿಂಗುಗಳು ಡಬ್ಬಗಟ್ಟಲೆ ಅವರ ಮುಂದೆ ಬರುತ್ತವೆ. ಒಂದೊಂದನ್ನೂ ಬಗ್ಗಿಸಿ ನೋಡಿ, ಸರಿಯಿದ್ದರೆ ಪುಟ್ಟದೊಂದು 'ಸ' ಒತ್ತಬೇಕು. 'ಸ' ಅಂದರೆ ಸರಿ. ಆ ಅಚ್ಚು ಇರುವುದು ಅವರೊಬ್ಬರ ಬಳಿ. ಅಕ್ಷರದ ಸುತ್ತ ಒಂದು ಬಳೆಯನ್ನೂ ಅವರೇ ಹಾಕಿಸಿಕೊಂಡಿದ್ದಾರೆ, ಗತ್ತಿಗೆ; ಮಾವನವರಿಗೂ ತೋರಿಸಿ ಬೀಗಿದ್ದಾರೆ. ಆ ವಾರವೆಲ್ಲ ಪಕ್ಕದ ಮೇಜಿನವರಿಗೆ ಕಿವಿ ತೂತಾಗುವಷ್ಟು ಭಾಷಣ: ಹಳೇ ಕಾಲದ ಕೆಲಸವೇನು, ಈಗಿನವರ ಬೇಜವಾಬ್ದಾರಿಯೇನು! ಬಾಯಿ ಲೋಕವನ್ನು ತಿದ್ದುತ್ತಿದ್ದರೆ ಕೈ ತನ್ನ ಪಾಡಿಗೆ ಠಪ್ ಠಪ್ ಎಂದು ಅಚ್ಚು ಒತ್ತುತ್ತಿತ್ತು. ಅವರ ಭಾಷಣ ಹೊಸದಲ್ಲ, ಕೈಯ ಅಭ್ಯಾಸವೂ ಹೊಸದಲ್ಲ.

ಗುರುವಾರ ಅಂಗಡಿಗೆ ಹೋದರು. ಅದೇ ಚಾಕು ಗಾಜಿನ ಕಪಾಟಿನಲ್ಲಿ, ಗಾಜಿನ ಮುಚ್ಚಳದ ಡಬ್ಬಿಯೊಳಗೆ, ಮಖಮಲ್ಲಿನ ಹಾಸಿಗೆಯ ಮೇಲೆ ರಾಜಕುಮಾರನ ಹಾಗೆ ಮಲಗಿತ್ತು. ಬೆಲೆ ಕೇಳಿದ ಪರೀಕ್ಷಕರಿಗೆ ತಮಗೂ ಒಂದು ಹಾಸಿಗೆ ಬೇಕೆನಿಸಿತು. ಅರ್ಧ ತಿಂಗಳ ಸಂಬಳ!

"ಕ್ಲಾಸಿಕ್ ಸಾರ್, ಹಳೇ ಮಾದರಿ," ಎಂದ ಅಂಗಡಿಯವನು.

"ಹಾಗಾದ್ರೆ ಹಳೇ ಬೆಲೆಗೆ ಕೊಡಿ."

"ಬೆಲೆ ಹೊಸ ಮಾದರಿ ಸಾರ್."

ತೆಗೆದು ನೋಡೋಣವೆಂದರೆ ಡಬ್ಬಿಯ ಮೇಲೆ ಸೀಲು. ಸೀಲು ಒಡೆದರೆ ವಾಪಸ್ ಇಲ್ಲ, ಒಡೆಯದೆ ನೋಡುವಂತಿಲ್ಲ. ಮಾವನವರ ಮುಖ ನೆನೆದು, ಹಲ್ಲು ಕಚ್ಚಿ ದುಡ್ಡು ಎಣಿಸಿದರು.

ಮನೆಗೆ ಬಂದು ಬಿಚ್ಚಿದರೆ ಡಬ್ಬಿಯೊಂದೇ ಚೆನ್ನಾಗಿತ್ತು. ಹಳೆಯ ಚಾಕು ಮಡಚಿದರೆ ಟಕ್ ಎಂದು ಪಕ್ಕದ ಕೋಣೆಗೆ ಕೇಳುತ್ತಿತ್ತು. ಇದು ನಿಟ್ಟುಸಿರು ಬಿಟ್ಟಿತು. ಅಲಗು ಹಳೆಯ ಹಲ್ಲಿನಂತೆ ಅತ್ತಿತ್ತ ಅಲ್ಲಾಡಿತು. ಹಿಡಿಗೂ ಸ್ಪ್ರಿಂಗಿಗೂ ನಡುವಿನ ಸಂದಿಯಲ್ಲಿ ಕಿಟಕಿ, ಕಿಟಕಿಯಾಚೆಗಿನ ತಂತಿಯ ಮೇಲೆ ಒಣಗುತ್ತಿದ್ದ ತಮ್ಮದೇ ಬನಿಯನ್ನು, ಎಲ್ಲ ಕಂಡವು. ಜೊತೆಗೊಂದು ಕಾರ್ಡು ಬೇರೆ: ಕೈಯಿಂದ ತಯಾರಿಸಿದ್ದರಿಂದ ಸಣ್ಣಪುಟ್ಟ ವ್ಯತ್ಯಾಸ ಸಹಜ, ಅದೇ ಇದರ ಸೊಬಗು. ಪರೀಕ್ಷಕರ ಪಿತ್ತ ನೆತ್ತಿಗೇರಿತು. ಅರ್ಧ ಸಂಬಳ ಸುರಿದು ಸೊಬಗು ಕೊಂಡು ತಂದಿದ್ದರು! ಮರಳಿ ಹೋಗಿ ಕೂಗಾಡಿದ್ದಕ್ಕೆ ಅಂಗಡಿಯವನು ಅದೇ ಕಾರ್ಡನ್ನು ಇನ್ನೊಮ್ಮೆ ಓದಿ ಹೇಳಿದ.

ಆಮೇಲೆ ಕೂತು ಕಂಪನಿಗೆ ಮೂರು ಪುಟದ ಕಾಗದ ಬರೆದರು. ಚಾಕು ಮಾಡಿದವನನ್ನು ಕ್ಷಮಿಸಬಹುದು, ಬೆಲೆ ಹಾಕಿದವನನ್ನೂ ಕಣ್ಣು ಮುಚ್ಚಿ ಕ್ಷಮಿಸಬಹುದು, ಆದರೆ ಈ ಸತ್ತ ಸ್ಪ್ರಿಂಗನ್ನು ಪಾಸು ಮಾಡಿದ ಮಹಾನುಭಾವನನ್ನು ಮಾತ್ರ ಬಿಡಕೂಡದು. ಅವನು ಎಲ್ಲಿದ್ದರೂ ಹುಡುಕಿ, ಈ ಚಾಕುವಿನ ಬೆಲೆಯನ್ನು ಅವನ ಸಂಬಳದಲ್ಲಿ ಮುರಿಯತಕ್ಕದ್ದು! ಸಹಿ ಹಾಕಿ, ಅಂಚೆಗೆ ಹಾಕುವಂತೆ ಹೆಂಡತಿಯ ಕೈಗೆ ಕೊಟ್ಟರು. ಎಷ್ಟೋ ದಿನದ ಮೇಲೆ ಅಂದು ಗಡದ್ದಾಗಿ ಊಟ ಸೇರಿತು.

ಭಾನುವಾರ ಮಾವನವರು ಬಂದರು. ಮೇಜಿನ ಮೇಲಿದ್ದ ಚಾಕುವನ್ನು ಕೈಗೆತ್ತಿಕೊಂಡು, ಬಿಡಿಸಿ, ಮಡಚಿದರು. ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಮಡಚಿದರು. ಪರೀಕ್ಷಕರು ಗೋಡೆಯ ಕ್ಯಾಲೆಂಡರನ್ನು ಮೊದಲ ಸಲ ನೋಡುವವರಂತೆ ನೋಡತೊಡಗಿದರು.

"ಇದು ನಂದಲ್ಲ," ಎಂದರು ಮಾವನವರು.

ಹೆಂಡತಿ ಒಳಗಿನಿಂದ ಮುರಿದ ಚಾಕು ತಂದಿಟ್ಟಳು. ಪರೀಕ್ಷಕರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಮಾವನವರು ಮುರಿದ ತುದಿಯನ್ನು ಹೆಬ್ಬೆರಳಿನಿಂದ ಸವರಿದರು.

"ಇಷ್ಟೇ ತಾನೇ ಅಳಿಯಂದ್ರೇ? ಸಾಣೆ ಹಿಡಿದ್ರೆ ಹತ್ತು ನಿಮಿಷದ ಕೆಲಸ. ಒಂದು ಮಾತು ಹೇಳಬಾರ್ದಿತ್ತಾ?"

ಹತ್ತು ನಿಮಿಷ! ಅರ್ಧ ತಿಂಗಳ ಸಂಬಳ! ನಾಚಿಕೆ ಮುಚ್ಚಿಕೊಳ್ಳಲು ಪರೀಕ್ಷಕರಿಗೆ ಕೋಪವೊಂದೇ ದಾರಿಯಾಗಿತ್ತು. ಕಾರ್ಡು, ಸಂದಿ, ಕಿಟಕಿ, ಬನಿಯನ್ನು ಸಮೇತ ಕಥೆಯೆಲ್ಲ ಒದರಿದರು. ಇಷ್ಟಕ್ಕೆಲ್ಲ ಮೂಲ ಆ ಸ್ಪ್ರಿಂಗು, ಅದನ್ನು ಪಾಸು ಮಾಡಿದವನು ಕುರುಡನೇ ಇರಬೇಕು ಎಂದು ಮೇಜು ಗುದ್ದಿದರು.

ಮಾವನವರಿಗೂ ಕುತೂಹಲ ಹುಟ್ಟಿತು. ಹಳೆಯ ಕಸುಬು, ಕೈ ಸುಮ್ಮನಿರುತ್ತದೆಯೇ? ಜೇಬಿನಲ್ಲೇ ಇದ್ದ ಸಣ್ಣ ಹತಾರದಿಂದ ಪಿನ್ನು ತಟ್ಟಿ, ಹಿಡಿಯ ಎರಡು ಹೋಳು ಬಿಡಿಸಿ, ಸ್ಪ್ರಿಂಗನ್ನು ಹೊರಗೆಳೆದರು. ಕಣ್ಣಿಗೆ ಭೂತಗನ್ನಡಿ ಏರಿಸಿ, ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಬಳೆಯೊಳಗೆ 'ಸ' ಅಂತ ಇದೆ. ಇದು ನಿಮ್ಮದೇ ಅಲ್ವಾ?"

ಪರೀಕ್ಷಕರು ಭೂತಗನ್ನಡಿ ಇಸಿದುಕೊಂಡು ನೋಡಿದರು. ಬಳೆ ಇತ್ತು. ಒಳಗೆ 'ಸ' ಇತ್ತು. ಸ್ವಲ್ಪ ಎಡಕ್ಕೆ ವಾಲಿತ್ತು, ಭಾಷಣ ರಂಗೇರಿದಾಗ ಅವರ ಕೈ ವಾಲುವ ಹಾಗೆಯೇ. ಹೆಂಡತಿಯೂ ಬಗ್ಗಿ ನೋಡಿದಳು.

"ರೀ, 'ಸ' ಅಂದ್ರೆ ಸರಿ ಅಂತಿದ್ರಲ್ಲ. ಸಡಿಲ ಅಂತಾನೂ ಆಗುತ್ತಾ?"

ಪರೀಕ್ಷಕರು ಭೂತಗನ್ನಡಿ ಕೆಳಗಿಟ್ಟರು. ಸಡಿಲವಾದರೂ ಆಗಲಿ, ಸತ್ತದ್ದಾದರೂ ಆಗಲಿ, ಅವರಿಗೆ ಆಗ ನೆನಪಾದದ್ದು ಬೇರೆಯೇ.

"ಆ ಕಾಗದ... ಇನ್ನೂ ಮನೇಲೇ ಇದೆ ತಾನೇ?"

"ಶುಕ್ರವಾರವೇ ರಿಜಿಸ್ಟರ್ ಮಾಡಿ ಹಾಕಿದೆ. ತಪ್ಪಿತಸ್ಥ ತಪ್ಪಿಸಿಕೊಳ್ಳಬಾರದು ಅಂತ ನೀವೇ ಬರೆದಿದ್ರಲ್ಲ, ಅದಕ್ಕೇ ಜವಾಬು ಬೇಗ ಕೈಸೇರಲಿ ಅಂತ ಕೆಳಗಡೆ ನಿಮ್ಮ ಕಾರ್ಖಾನೆ ವಿಳಾಸಾನೂ ಸೇರಿಸಿದೆ."