ರೇವಣಪ್ಪನ ಮೋಟಾರು ದನದ ಸಂತೆಗೆ ಹೋದದ್ದು

ಜಗಳ ಹುಟ್ಟಿದ್ದು ಕುಸುಬಿ ಎಣ್ಣೆಯಿಂದ. ಬದನೆಕಾಯಿ ಪಲ್ಯಕ್ಕೆ ಒಗ್ಗರಣೆ ಹಾಕಬೇಕೆಂದು ಶಿವಕಾಂತಮ್ಮ ಡಬ್ಬಿ ಬಗ್ಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ಎಂಜಿನ್ನು ಕಿರಗುಟ್ಟುತ್ತಿದೆ ಎಂದು ಅವಳ ಗಂಡ ರೇವಣಪ್ಪ ಹಿಂದಿನ ಸಂಜೆಯೇ ಅಷ್ಟನ್ನೂ ಮೋಟಾರು ಕಾರಿನ ಹೊಟ್ಟೆಗೆ ಸುರಿದಿದ್ದ.

“ಮನಿ ಮಂದಿ ಒಣಾ ರೊಟ್ಟಿ ತಿನ್ಬೇಕು, ನಿಮ್ಮ ಮೋಟಾರು ಕುಸುಬಿ ಎಣ್ಣಿ ಕುಡೀಬೇಕು. ನೋಡ್ರಿ, ಇವತ್ತ ಹೊತ್ತು ಮುಳುಗೂದ್ರಾಗ ಅದು ಈ ಬಾಗಲ ಮುಂದ ಇರಬಾರ್ದು. ಇದ್ರ ನಾ ತೆಂಗಳಿಗಿ ತವರಮನಿಗಿ ಹೋಗ್ತೀನಿ. ತಿರುಗಿ ಬರಂಗಿಲ್ಲ.”

ದನಿ ಏರಿಸಿದ್ದರೆ ರೇವಣಪ್ಪ ಹೆದರುತ್ತಿರಲಿಲ್ಲ. ಅವಳು ಮೆಲ್ಲಗೆ ಹೇಳಿ, ಟ್ರಂಕು ಎಳೆದು ಸೀರೆ ಮಡಚತೊಡಗಿದಳು.

ಚಿತ್ತಾಪುರದಲ್ಲಿ ರೇವಣಪ್ಪನದು ಬಟ್ಟೆ ಅಂಗಡಿ. ಜಾಗೀರಿಗಳು ಹೋದ ಮೇಲೆ ಸೇಡಂ ಕಡೆಯ ಜಾಗೀರದಾರರೊಬ್ಬರು ತಮ್ಮ ಅರಮನೆಯಂಥ ದೇವಡಿಯ ಸಾಮಾನು ಮಾರಲಿಕ್ಕೆ ತೆಗೆದಿದ್ದರು. ಗೋಡೆ ಗಡಿಯಾರ ಕೊಳ್ಳಲು ಹೋದ ಈ ಪುಣ್ಯಾತ್ಮ ಮೋಟಾರು ತಂದ. ಕೊಂಡಾಗ ಅಗ್ಗವೇ, ಸಾಕುವಾಗ ಗೊತ್ತಾಯಿತು. ಪೆಟ್ರೋಲು ವಾಡಿಯಿಂದ ಡಬ್ಬಿಯಲ್ಲಿ ಬರಬೇಕು, ಟೈರು ಹೈದರಾಬಾದಿನಿಂದ. ಶಹಾಬಾದದ ಮಿಸ್ತ್ರಿ ರೈಲಿನಲ್ಲಿ ಬಂದು, ಹೊಟ್ಟೆ ತುಂಬ ಉಂಡು, “ಈ ಸಾಮಾನು ಈಗ ಬರಂಗಿಲ್ಲ ಸಾವಕಾರ್ರೆ” ಎಂದು ಅದೇ ರೈಲಿನಲ್ಲಿ ಹಿಂದಿರುಗುತ್ತಿದ್ದ.

ಸೀರೆ ಮಡಚುವ ಸದ್ದು ಕೇಳುತ್ತ ಒಳಗೆ ಕೂರಲಾಗದೆ ಅವನು ಹೊರಗೆ ಬಂದ. ಎದುರುಮನೆಯ ನಾಗೇಂದ್ರಪ್ಪ ಕಾಕಾ ಕಟ್ಟೆಯ ಮೇಲೇ ಇದ್ದರು. ಕಂದಾಯ ಇಲಾಖೆಯಲ್ಲಿ ಗಿರ್ದಾವರಿ ಮಾಡಿ ಪಿಂಚಣಿಗೆ ಬಂದ ಮನುಷ್ಯ, ಕೇಳದಿದ್ದರೂ ಹೇಳುವ ಚಟ.

“ನಾ ಅವತ್ತೇ ಹೇಳಿದ್ನಲ್ಲೋ. ಎತ್ತಿಗಿ ಕೆಲಸಿಲ್ಲದ ದಿನ ಕಣಕಿ ಕಮ್ಮಿ ಹಾಕಬಹುದು. ಇದು ನಿಂತರೂ ತಿಂತದ.”

ಇಷ್ಟು ಹೇಳುವ ಕಾಕಾ ಯಾವ ಮದುವೆಗೂ ಆ ಮೋಟಾರು ಬಿಟ್ಟು ಹೋದವರಲ್ಲ. ಪಕ್ಕದ ಮನೆಯ ರಶೀದಾಬೇಗಂ ಅದರ ಬಾನೆಟ್ಟಿನ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಇವತ್ತೇ ಅದನ್ನು ಮಾರಿಬಿಡುತ್ತೇನೆಂದು ರೇವಣಪ್ಪ ಹೇಳಿದ್ದು ಕೇಳಿ ಅವಳ ಮುಖ ಸಣ್ಣದಾಯಿತು.

“ಮಾರಬ್ಯಾಡ್ರಿ ಅಣ್ಣಾ. ನನ್ನ ಮೊಣಕಾಲು ನೋವಿಗಿ ಹಕೀಮರ ಬಲ್ಲಿ ಹೆಂಗ ಹೋಗ್ಲಿ?”

“ನಡಕೋತ ಹೋಗ್ರಿ ಆಪಾ. ನನಗ ಸಂಸಾರ ಉಳೀಬೇಕಾಗ್ಯಾದ.”

ಅಂದು ಊರ ಹೊರಗೆ ದನದ ಸಂತೆ. ಅಷ್ಟು ಜನ ಸೇರುವ ಕಡೆ ಕೊಳ್ಳುವವನೊಬ್ಬ ಸಿಗದೆ ಇರುತ್ತಾನೆಯೇ ಎಂದು ರೇವಣಪ್ಪ ಹ್ಯಾಂಡಲು ತಿರುಗಿಸಿದ. ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋಯಿತು, ಕುಸುಬಿ ಎಣ್ಣೆಯ ಘಾಟು ಓಣಿ ತುಂಬಿತು, ಮೋಟಾರು ಮಾತ್ರ ಮಿಸುಕಲಿಲ್ಲ. ಕೊನೆಗೆ ಎರಡೆತ್ತು ಕಟ್ಟಿ ಎಳೆಸಿದ. ದರ ಕುದುರಿಸಿಕೊಡುತ್ತೇವೆಂದು ಕಾಕಾ ಮತ್ತು ರಶೀದಾಬೇಗಂ ಹಿಂದಿನ ಸೀಟಿನಲ್ಲಿ ಕೂತೇ ಬಂದರು.

ಸಂತೆಯಲ್ಲಿ ಜನ ಮುತ್ತಿದ್ದೇನೋ ನಿಜ. ಒಬ್ಬ ರೈತ ಸುತ್ತಲೂ ನೋಡಿ ಕೇಳಿದ, “ಚಲೋ ಜೋಡಿ ಅದಾವ ಬಿಡ್ರಿ. ಎಷ್ಟಕ್ಕ ಕೊಡ್ತೀರಿ?”

“ಎತ್ತಲ್ಲೋ ಮಾರಾಯಾ, ಹಿಂದಿಂದು.”

“ಹಿಂದಿಂದು ಯಾರಿಗಿ ಬೇಕ್ರಿ,” ಎಂದು ಅವನು ನಡೆದ.

ಹೊತ್ತು ವಾಲಿತು. ಒಬ್ಬ ಬಾಗಿಲ ಹಿಡಿ ಕಿತ್ತು ಕೈಗೆ ಕೊಟ್ಟುಹೋದ. ಚಹಾ ಕುಡಿದು ಬರುತ್ತೇವೆಂದು ಹೋದ ಕಾಕಾ, ರಶೀದಾಬೇಗಂ ಇಬ್ಬರ ಪತ್ತೆಯೂ ಇಲ್ಲ. ರೇವಣಪ್ಪ ಸೂರ್ಯನನ್ನು ನೋಡುತ್ತ, ಮೋಟಾರಿನ ಸುತ್ತ ಸುತ್ತುತ್ತ, ಮನಸ್ಸಿನಲ್ಲೇ ಟ್ರಂಕಿಗೆ ಬೀಗ ಬೀಳುವ ಸದ್ದು ಕೇಳುತ್ತಿದ್ದ. ಆಗ ದನದ ದಲಾಲ ಅಮೀರ್ ಅಲಿ ದೇವರ ಹಾಗೆ ಬಂದ.

“ಗಿರಾಕಿ ಅದ ಸಾವಕಾರ್ರೆ. ಹೆಸರು ಕೇಳಬ್ಯಾಡ್ರಿ. ಕೈ ಕೊಡ್ರಿ.”

ದಲಾಲ ಹೆಗಲ ಟವೆಲು ತೆಗೆದು ಇಬ್ಬರ ಕೈ ಮೇಲೆ ಹೊದಿಸಿದ. ದರ ಬಾಯಿಂದ ಹೇಳುವ ಪದ್ಧತಿ ಅಲ್ಲಿಲ್ಲ, ಟವೆಲಿನ ಕೆಳಗೆ ಬೆರಳು ಹಿಡಿದೇ ವ್ಯಾಪಾರ. ಅಮೀರ್ ಅಲಿ ಹಿಡಿದ ಬೆರಳು ಬಹಳ ಕಡಿಮೆ. ಬೇರೆ ದಿನವಾಗಿದ್ದರೆ ರೇವಣಪ್ಪ ಕೈ ಕೊಡವಿ ಏಳುತ್ತಿದ್ದ. ಇಂದು ಆ ಬೆರಳನ್ನೇ ಗಟ್ಟಿಯಾಗಿ ಹಿಡಿದುಕೊಂಡ.

“ಸಂತಿ ರಿವಾಜು ಗೊತ್ತದಲ್ರಿ? ಈಗ ಸಂಚಕಾರ ಒಂದು ರೂಪಾಯಿ, ಉಳಿದದ್ದು ಜೋಳದ ರಾಶಿ ಆದಮ್ಯಾಲ. ಮತ್ತ, ಮಾರಿದವರೇ ಕೊಂಡವರ ಬಾಗಲಿಗಿ ಮುಟ್ಟಿಸಬೇಕು.”

“ಮುಟ್ಟಿಸ್ತೀನಿ. ಚಿಂಚೋಳಿ ಆದ್ರೂ ಸರಿ.”

ಬಾಡಿಗೆಯ ಎತ್ತು ಬಿಚ್ಚಿ ಕಳಿಸಿ ಹ್ಯಾಂಡಲು ತಿರುಗಿಸಿದರೆ, ಪರರ ಪಾಲಾದ ಮೋಟಾರು ಒಂದೇ ಸುತ್ತಿಗೆ ಗುರುಗುಟ್ಟಿ ಎದ್ದಿತು. ರೇವಣಪ್ಪನಿಗೆ ಅಳು ಬರುವಷ್ಟು ಸಂತೋಷ. ಅಮೀರ್ ಅಲಿ ಪಕ್ಕದಲ್ಲಿ ಕೂತು ದಾರಿ ಹೇಳಿದ. “ಎಡಕ್ಕ ಹೊಡೀರಿ.” ಹೊಡೆದ. “ಈಗ ಬಲಕ್ಕ.” ತನ್ನ ಬಟ್ಟೆ ಅಂಗಡಿ ದಾಟಿತು. “ಹಂಗೇ ಮುಂದ.” ರೇವಣಪ್ಪ ವೇಗ ತಗ್ಗಿಸಿದ.

“ಅಮೀರ್ ಅಲಿ, ಇದು ನಮ್ಮ ಓಣಿ.”

“ಹೌದಲ್ರಿ. ಅಲ್ಲೇ, ಆ ಬೇವಿನ ಗಿಡದ ಬಲ್ಲಿ ನಿಲ್ಲಸ್ರಿ.”

ಬೇವಿನ ಗಿಡದ ಹಿಂದಿನದು ಅವನದೇ ಬಾಗಿಲು. ಹೊತ್ತು ಮುಳುಗುತ್ತಿತ್ತು. ಓಣಿಯೆಲ್ಲ ನಿಂತಿತ್ತು, ರಶೀದಾಬೇಗಂ ಕೈಯಲ್ಲಿ ಹೂವಿನ ಹಾರ.

“ಓಣಿ ಮಂದಿ ಕೂಡಿ ತಗೊಂಡೀವಿ ತಮ್ಮಾ,” ಎಂದರು ನಾಗೇಂದ್ರಪ್ಪ ಕಾಕಾ. “ನಿನ್ನ ಸಂಸಾರ ಉಳೀಲಿ, ನಮ್ಮ ಮೋಟಾರೂ ಉಳೀಲಿ. ಈಗ ಅದು ನಿಂದಲ್ಲ, ಯಾರು ಏನ್ ಅಂತಾರ?”

“ಹಂಗಾದ್ರ ನಿಮ್ಮ ಬಾಗಲ ಮುಂದ ನಿಲ್ಲಸ್ಕೋರಿ ಕಾಕಾ.”

“ನಮ್ಮ ಬಾಗಲ ಮುಂದ ಜಾಗ ಎಲ್ಲದನೋ? ಮತ್ತ ಹೊಡೀಲಿಕ್ಕ ಬರೋದು ನಿನಗೊಬ್ಬನಿಗೇ.”

ಅಷ್ಟರಲ್ಲಿ ಶಿವಕಾಂತಮ್ಮ ಟ್ರಂಕು ಹಿಡಿದು ಹೊರಗೆ ಬಂದಳು. ಅವಳನ್ನು ಕಂಡು ರೇವಣಪ್ಪ ಬಡಬಡಿಸಿದ, “ಮಾರೀನಿ, ಖರೇನೇ ಮಾರೀನಿ. ಇದು ನಮ್ಮದಲ್ಲ.”

“ಯಾರದಾದ್ರೂ ಇರ್ಲಿ. ಬಾಗಲ ಮುಂದ ಅದನೋ ಇಲ್ಲೋ?”

ಅವಳು ಟ್ರಂಕನ್ನು ಹಿಂದಿನ ಸೀಟಿಗೆ ತಳ್ಳಿ, ಸೆರಗು ಸರಿಮಾಡಿ ಒಳಗೆ ಕೂತಳು. ತೆಂಗಳಿಯ ದಾರಿಯಲ್ಲಿ ತಮಗೂ ಕೆಲಸವಿದೆ ಎನ್ನುತ್ತ ಕಾಕಾ ಅವಳ ಪಕ್ಕ ಸೇರಿಕೊಂಡರು, ಮೊಣಕಾಲು ಹಿಡಿದು ರಶೀದಾಬೇಗಂ ಮುಂದೆ ಹತ್ತಿದಳು.

“ನಡೀರಿ,” ಎಂದಳು ಶಿವಕಾಂತಮ್ಮ ಗಂಡನಿಗೆ, “ತೆಂಗಳಿಗಿ ಬಿಟ್ಟು ಬರ್ರಿ.”