ಮಾವನವರ ಹೆಸರಿನ ಲಾಡಿಹುಳ

ಹೆಸರಿಡುವ ಚಪಲ ಪ್ರಾಣಿಶಾಸ್ತ್ರದ ಮೇಷ್ಟ್ರುಗಳಿಗೆ ಇರುವಷ್ಟು ಹೊಸದಾಗಿ ಅಜ್ಜಿಯಾದವರಿಗೂ ಇರುವುದಿಲ್ಲ. ನಮ್ಮ ಕಾಲದ ಪದ್ಧತಿಯೇ ಹಾಗಿತ್ತು. ಆಡಿನ ಕರುಳಿನಲ್ಲಿ ಲಾಡಿಹುಳ ಸಿಕ್ಕರೆ ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕತ್ತು ಕೂದಲೆಳೆಯಷ್ಟು ಹೆಚ್ಚು ಉದ್ದ ಕಂಡರೂ ‘ಹೊಸ ಪ್ರಭೇದ’ ಎಂದು ಸಾರಿಬಿಡುವುದು. ಹೆಸರು? ಗೈಡ್ ಸಾಹೇಬರದು, ಅವರ ಶ್ರೀಮತಿಯವರದು, ತಪ್ಪಿದರೆ ಊರಿನದು. ನಾನು ನಾಸಿಕಕ್ಕೆ ಮೇಷ್ಟ್ರಾಗಿ ಬರುವಷ್ಟರಲ್ಲಿ ಈ ಮೂರೂ ಖರ್ಚಾಗಿದ್ದವು. ಆಗಷ್ಟೇ ಮದುವೆಯಾಗಿತ್ತು ನೋಡಿ, ಊರಾಚೆಯ ಮಟನ್ ಅಂಗಡಿಯಿಂದ ತಂದ ನನ್ನ ಹುಳಕ್ಕೆ ಮಾವ ಗುರುಲಿಂಗಪ್ಪನವರ ಹೆಸರಿಟ್ಟೆ, ಲ್ಯಾಟಿನ್ ಬಾಲದ ಸಮೇತ.

ಮಾವನವರು ಭಾಲ್ಕಿಯಿಂದ ಬಂದು ಸಂಭಾಜಿನಗರದಲ್ಲಿ ಕಿರಾಣಿ ಅಂಗಡಿ ಇಟ್ಟವರು. ಮೊಟ್ಟೆಯ ಹೆಸರೆತ್ತಿದರೂ ಇನ್ನೊಮ್ಮೆ ವಿಭೂತಿ ಹಚ್ಚಿಕೊಳ್ಳುವ ಶಿವಭಕ್ತರು. ಹುಳದ ವಿವರ ಅಚ್ಚಾದ ಪುಟಕ್ಕೆ ಫ್ರೇಮು ಹಾಕಿಸಿ ಕೊಟ್ಟೆ. ಪಡಸಾಲೆಯಲ್ಲಿ ತೂಗುಹಾಕಿದರು. ಮೂವತ್ತು ವರ್ಷ ಆ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆಯೆಲ್ಲ ಆ ಹುಳದ ಪುಣ್ಯವೆಂದೇ ನಂಬಿದ್ದೆ.

ಈಗ ನನ್ನ ಹಳೆಯ ವಿದ್ಯಾರ್ಥಿನಿ, ಕಲಬುರಗಿಯವರ ಮಗಳು ಶೋಭಾ, ಸಂಭಾಜಿನಗರದಲ್ಲಿ ಲಾಡಿಹುಳದಂಥ ಚಪ್ಪಟೆಹುಳಗಳ ಡಿಎನ್‌ಎ ಓದಿ ಯಾರು ಅಣ್ಣತಮ್ಮಂದಿರು, ಯಾರು ದೂರದ ದಾಯಾದಿ ಎಂದು ವಂಶವೃಕ್ಷ ಬರೆಯುತ್ತಿದ್ದಾಳೆ. “ಸರ್, ಫಾರ್ಮಾಲಿನ್‌ನಾಗ ಇಟ್ಟ ಹಳೇವು ನಡೆಯಂಗಿಲ್ರಿ. ತಾಜಾ ಹುಳ ನೀವೇ ಗುರುತು ಹಚ್ಚಿ ಕಳಸ್ರಿ” ಅಂದಳು. ಪ್ರತಿಯೊಂದರ ಕತ್ತನ್ನೂ ಒತ್ತಿ ನೋಡಿ, ಜಂಬದಿಂದ ಎರಡು ಬಾಟಲಿ ತುಂಬಿದೆ: ಒಂದರಲ್ಲಿ ಮಾಮೂಲಿ ಹುಳ, ಇನ್ನೊಂದರಲ್ಲಿ ಮಾವನವರು.

ತಿಂಗಳಾದ ಮೇಲೆ ಫೋನು ಬಂತು. “ಸರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ಎರಡೂ ಬಾಟಲಿ ಹುಳ ಒಂದೇ ಜಾತಿ ಅದಾವ್ರಿ.”

“ಮತ್ತ ಆ ಕತ್ತು?”

“ಅಷ್ಟು ಜೋರ್ ಒತ್ತಿದ್ರ ಯಾವ ಹುಳದ ಕತ್ತಾದ್ರೂ ಉದ್ದ ಆಗ್ತದ್ರಿ ಸರ್.”

ಮೈಯೆಲ್ಲ ಉರಿದುಹೋಯಿತು. ಡಿಎನ್‌ಎಯ ನಾಲ್ಕೇ ಅಕ್ಷರ ಓದಲು ಬರುವ ಯಂತ್ರವೊಂದು ನನ್ನ ಮೂವತ್ತು ವರ್ಷದ ಕಣ್ಣನ್ನು ಸುಳ್ಳು ಮಾಡಿತ್ತು! ಶೋಭಾಳ ಪ್ರಬಂಧ ಅಚ್ಚಾದರೆ ಮಾವನವರ ಹೆಸರು ಹುಳಗಳ ಪಟ್ಟಿಯಿಂದ ಹೋದಂತೆಯೇ, ಜೊತೆಗೆ ನನ್ನ ಮಾನವೂ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಮೇಲೆಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮಾವನವರ ಎದುರು ಕೂತಾಗ ಒಂದೂ ನೆನಪಿಗೆ ಬರದೆ, ಇದ್ದದ್ದು ಇದ್ದಹಾಗೆ ಒದರಿಬಿಟ್ಟೆ.

ಅವರು ಎದ್ದು ಫ್ರೇಮನ್ನು ಇಳಿಸಿ, ಗೋಡೆಗೆ ಮುಖ ಮಾಡಿ ಇಟ್ಟು, ಉಸ್ಸೆಂದು ಕೂತರು. “ಛಲೋ ಆಯ್ತು ಬಿಡ್ರಿ! ಆಡಿನ ಕರುಳಾಗಿನ ಹುಳಕ್ಕ ನನ್ನ ಹೆಸರು! ಅಳಿಯಂದಿರು ನೊಂದ್ಕೋತಾರಂತ ಇಷ್ಟು ವರ್ಷ ಸುಮ್ಮ ಕುಂತಿದ್ದೆ. ಸ್ವಾಮಿಗೋಳು ಮನಿಗೆ ಬಂದಾಗೆಲ್ಲ ಅದರ ಮ್ಯಾಲೆ ಕ್ಯಾಲೆಂಡರ್ ಹಾಕ್ತಿದ್ದೆ.”

“ಹೊರಗಿಂದ ನೋಡಿ ಮೋಸ ಹೋದೆ, ಮಾವಾರ” ಅಂದೆ.

“ಹೋಗ್ಲಿ ಬಿಡ್ರಿ, ಆಗ್ತದ. ನಾವೂ ನಿಮ್ಮನ್ನ ಬರೇ ಹೊರಗಿಂದ ನೋಡೇ ಮಗಳನ್ನ ಕೊಟ್ಟೀವಿ.”

ಪಕ್ಕದಲ್ಲೇ ಕೂತಿದ್ದ ಹೆಂಡತಿ ನನ್ನ ಪರವಾಗಿ ಒಂದು ಮಾತಾದರೂ ಆಡಿಯಾಳೆಂದು ಕಾದೆ. ಅವಳು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.