ಮಧ್ಯಾಹ್ನ ಇಳಿಯುವ ಎಣ್ಣೆ

ಮರೆವು ದೇವರು ಕೊಟ್ಟ ವರ ಎನ್ನುವವರನ್ನು ನಾನು ನಂಬುವುದಿಲ್ಲ. ಅವರು ಯಾರದೋ ಮನೆಯ ಕೊಡೆಯನ್ನು ಒಯ್ದು ಹಿಂದಿರುಗಿಸದವರಿರಬೇಕು. ನನಗಂತೂ ಆ ವರ ಲಭಿಸಿಲ್ಲ. ಹರಪನಹಳ್ಳಿಯ ಮದುವೆಯೊಂದರಲ್ಲಿ ನನ್ನ ಎಡಗಡೆಯವನ ಹೋಳಿಗೆಗೂ ಬಲಗಡೆಯವನ ಹೋಳಿಗೆಗೂ ತುಪ್ಪ ಬಡಿಸಿ, ನನ್ನ ಎಲೆಯನ್ನು ಮಾತ್ರ ದಾಟಿ ಹೋದವನ ಮುಖ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ವಧೂವರರಿಗೆ ಈಗ ಮೊಮ್ಮಕ್ಕಳಾಗಿದ್ದಾರೆ. ನನ್ನ ತುಪ್ಪ ಇನ್ನೂ ಬಂದಿಲ್ಲ. ಇದನ್ನು ಮೊದಲೇ ಹೇಳಿದ್ದು, ಮುಂದೆ ಬರುವ ತೆಂಗಿನಕಾಯಿಯ ಪ್ರಸಂಗವನ್ನು ಓದುಗರು ಹಗುರವಾಗಿ ತೆಗೆದುಕೊಳ್ಳಬಾರದೆಂದು.

ಕಾರ್ಖಾನೆಗಳ ಅಳತೆಯ ಉಪಕರಣಗಳನ್ನು ಸರಿಪಡಿಸುತ್ತಲೇ ನಿವೃತ್ತನಾಗಿ ನಾನು ಕೊಟ್ಟೂರಿನಲ್ಲಿ ನೆಲೆಸಿದ್ದೇನೆ. ಹಗರಿಬೊಮ್ಮನಹಳ್ಳಿಯ ಬಳಿ ಶೇಂಗಾ ಎಣ್ಣೆಯ ಗಿರಣಿ ನಡೆಸುವ ಕೊಟ್ರೇಶಿ ನನ್ನ ಗೆಳೆಯನ ಮಗ. ಅವನು ಎಣ್ಣೆಯ ಟ್ಯಾಂಕಿಗೊಂದು ಟ್ರಾನ್ಸ್‌ಮಿಟರ್ ತರಿಸಿದ. ಟ್ಯಾಂಕಿನ ಬುಡಕ್ಕೆ ಹೊರಗಿನಿಂದ ಅಂಟಿ ಕುಳಿತು, ತನ್ನ ಮೇಲಿರುವ ಎಣ್ಣೆ ಎಷ್ಟು ಒತ್ತುತ್ತಿದೆಯೆಂಬುದರಿಂದ ಅದರ ಎತ್ತರವನ್ನು ಹೇಳುವ ಯಂತ್ರವದು. ನೀರಿಗಿಂತ ಎಣ್ಣೆ ಹಗುರ. ನೀರಿನ ಲೆಕ್ಕಕ್ಕೆ ಹೊಂದಿಸಿದರೆ ತುಂಬಿದ ಟ್ಯಾಂಕನ್ನೂ ತುಂಬಿಲ್ಲವೆನ್ನುತ್ತದೆ. ಅಂಥ ತಪ್ಪನ್ನು ನಾನು ಮಾಡುವವನಲ್ಲ. ಕೈಪಂಪಿನಿಂದ ಒತ್ತಡ ಕೊಟ್ಟು, ಖಾಲಿಗೆ ಸೊನ್ನೆ, ತುಂಬಿದ್ದಕ್ಕೆ ನೂರು ಎಂದು ಎಣ್ಣೆಯ ತೂಕಕ್ಕೇ ಹೊಂದಿಸಿ, ಮತ್ತೆ ಮತ್ತೆ ಪರೀಕ್ಷಿಸಿದೆ.

ಅಲ್ಲಿಯವರೆಗೆ ಟ್ಯಾಂಕು ಕಾಯುತ್ತ ಅದರ ಮಟ್ಟ ನೋಡುತ್ತಿದ್ದವನು ಗಿರಣಿಯ ಆಳು ದುರುಗಪ್ಪ. ಏಣಿ ಹತ್ತಿ, ಕೋಲು ಇಳಿಸಿ, ಎಣ್ಣೆ ಅಂಟಿದ ಗುರುತನ್ನು ನೋಡಿ ಹೇಳುವುದು ಅವನ ಕ್ರಮ. ನನ್ನ ಉಪಕರಣವನ್ನು ಮೊದಲ ಸಲ ಕಂಡಾಗ ಅವನು, "ಸರ, ಈ ಗಡಿಯಾರಕ್ಕ ಮುಳ್ಳೇ ಇಲ್ಲಲ್ರಿ?" ಎಂದಿದ್ದ. ಅದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಹೊಸ ಯಂತ್ರವನ್ನು ಪೂಜೆಯಿಲ್ಲದೆ ಚಾಲೂ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಹಡಗಲಿಯಿಂದ ಮಲ್ಲಿಗೆಯ ಮಾಲೆ ಬಂದಿತ್ತು. ಕಾಯಿ ಒಡೆಯಲು ಕೊಟ್ರೇಶಿ ಯಾರನ್ನು ಕರೆದನೆಂದರೆ, ದುರುಗಪ್ಪನನ್ನು! ಉಪಕರಣಕ್ಕೆ ಪ್ರಾಣ ತುಂಬಿದವನು ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ಒಂದೇ ಏಟಿಗೆ ಒಡೆದದ್ದು ಇನ್ನಷ್ಟು ನೋವುಂಟುಮಾಡಿತು. ಕನಿಷ್ಠ ವಿಭೂತಿ, ಕುಂಕುಮಗಳಾದರೂ ನನ್ನ ಕೈಯಿಂದಲೇ ಆಗಬೇಕೆಂದು ಹಟ ಹಿಡಿದು ತಟ್ಟೆಯನ್ನು ಕಸಿದುಕೊಂಡೆ. ಮೂರು ಎಳೆ ವಿಭೂತಿ. ಅದರ ನಟ್ಟನಡುವೆ, ಅಂಚಿನಿಂದ ಅಂಚಿಗೆ ಬೆರಳಿನಲ್ಲಿ ಅಳೆದು, ಎಣ್ಣೆಯಲ್ಲಿ ಕಲಸಿದ ಕುಂಕುಮದ ದಪ್ಪ ಬೊಟ್ಟು. ಫೋಟೋ ತೆಗೆಯುತ್ತಿದ್ದರಾದ್ದರಿಂದ ಕನ್ನಡಕವನ್ನು ಜೇಬಿಗೆ ಹಾಕಿಕೊಂಡಿದ್ದೆ.

ಆಮೇಲೆ ಶುರುವಾಯಿತು ವಿಚಿತ್ರ. ಬೆಳಿಗ್ಗೆ ಸರಿಯಾಗಿದ್ದ ಮಟ್ಟ ಬಿಸಿಲೇರಿದಂತೆ ಇಳಿಯುತ್ತಿತ್ತು. ಸಂಜೆ ತಂಪಾದಾಗ ಮತ್ತೆ ಏರುತ್ತಿತ್ತು. ಕೊಟ್ರೇಶಿ ದುರುಗಪ್ಪನನ್ನು ಕರೆಸಿದ.

"ಎಣ್ಣಿ ಎಲ್ಲಿ ಹೋತಲೇ?"

"ಎಲ್ಲೂ ಹೋಗಿಲ್ರಿ ಸಾವ್ಕಾರ್ರ. ಟ್ಯಾಂಕಿನ್ಯಾಗ ಐತಿ. ಕೋಲು ಬಿಟ್ಟು ನೋಡೀನಿ."

ನಾನು ಸುಮ್ಮನಿರಬಹುದಿತ್ತು. "ಕಾಯೋನೂ ನೀನೇ, ಕೋಲು ಬಿಡೋನೂ ನೀನೇ ಅಂದ್ರ ಹೆಂಗಪಾ?" ಎಂದೆ. ಏಣಿ ಹತ್ತಿ ಪರೀಕ್ಷಿಸಲು ನನಗೆ ಮೊಣಕಾಲಿನ ಅಡ್ಡಿ, ಕೊಟ್ರೇಶಿಗೆ ಹೊಟ್ಟೆಯ ಅಡ್ಡಿ.

ದುರುಗಪ್ಪ ನನ್ನನ್ನೇ ನೋಡಿ ಕೇಳಿದ: "ಸಂಜಿಗೆ ಮತ್ತ ಏರತೈತಲ್ರಿ ಸರ? ಕಳ್ಳ ಮಧ್ಯಾಹ್ನ ಒಯ್ದು, ಸಂಜಿಗೆ ತಂದು ಸುರೀತಾನೇನ್ರಿ? ಅಂಥಾ ಕಳ್ಳ ಸಿಕ್ರ ಹೇಳ್ರಿ, ನಮ್ಮನಿ ಕೀಲೀನೂ ಅವನ ಕೈಯಾಗ ಕೊಡ್ತೀನಿ."

ಪ್ರಶ್ನೆ ನ್ಯಾಯವಾದದ್ದೇ, ಆದ್ದರಿಂದ ಸಿಟ್ಟು ಬಂತು. ನಾನು ಹೊಂದಿಸಿದ ಲೆಕ್ಕ, ಅಂದರೆ ಕ್ಯಾಲಿಬ್ರೇಷನ್, ತಪ್ಪಾಗಲು ಸಾಧ್ಯವೇ ಇಲ್ಲವೆಂದು ಗಟ್ಟಿಯಾಗಿ ಸಾರಿದೆ. ಕೊಟ್ರೇಶಿ ತೀರ್ಪು ಕೊಟ್ಟ: "ನಾಳೆ ಮಧ್ಯಾಹ್ನ ನೀವೇ ಪರೀಕ್ಷಾ ಮಾಡ್ರಿ ಕಾಕಾರ. ಯಂತ್ರ ತಪ್ಪಂದ್ರ ಯಂತ್ರ ಗುಜರಿಗೆ. ಸರಿ ಅಂದ್ರ ದುರುಗಪ್ಪ ಮನಿಗೆ."

ಆ ದಿನ ಮನೆಯಲ್ಲಿ ಊಟ ರುಚಿಸಲಿಲ್ಲ. ನಾನು ಗೆದ್ದರೆ ಒಬ್ಬನ ಕೆಲಸ ಹೋಗುತ್ತದೆ. ಸೋತರೆ ನನ್ನ ಹೆಸರು. ಹೆಂಡತಿಯ ಮುಂದೆ ಇದನ್ನು ವಿವರಿಸಿದೆ. ಅವಳು ಪಲ್ಯ ಬಡಿಸುತ್ತ, "ಕಾಯಿ ಒಡದದ್ದಕ್ಕ ಇಷ್ಟು ಸಿಟ್ಟೇನ್ರಿ?" ಎಂದಳು. ಅವತ್ತು ನಾನು ಕಾಯಿಯ ಮಾತನ್ನೇ ಎತ್ತಿರಲಿಲ್ಲ!

ಮರುದಿನ ಮಧ್ಯಾಹ್ನ ಎಲ್ಲರೂ ಟ್ಯಾಂಕಿನ ಸುತ್ತ ನಿಂತಿದ್ದರು. ಮಟ್ಟ ಇಳಿದೇ ಇತ್ತು. ಪರೀಕ್ಷೆಗೆ ಮೊದಲು ಉಪಕರಣದ ಮೇಲೆ ಬರೆದದ್ದನ್ನು ಓದಿಕೊಳ್ಳುವುದು ನನ್ನ ಶಿಸ್ತು. ಕನ್ನಡಕ ಹಾಕಿಕೊಂಡೆ, ಅಕ್ಷರಗಳ ಮೇಲೆಲ್ಲ ವಿಭೂತಿ ಕುಂಕುಮ. ಟವೆಲಿನಿಂದ ಬಲವಾಗಿ ಒರೆಸಿದೆ. ಬೊಟ್ಟು ಕಿತ್ತು ಬಂತು, ಅದರಡಿಯಿಂದ ಒಂದು ಸಣ್ಣ ಉಸಿರು ಕೇಳಿಸಿತು, ಪರದೆಯ ಮೇಲಿನ ಅಂಕಿ ಸರ್ರನೆ ಏರಿ ದುರುಗಪ್ಪನ ಕೋಲು ಹೇಳಿದ ಮಟ್ಟಕ್ಕೇ ಹೋಗಿ ನಿಂತಿತು.

ಬೊಟ್ಟಿನ ಕೆಳಗೆ ಸಾಸಿವೆಕಾಳಿನಷ್ಟು ರಂಧ್ರವಿತ್ತು. ಹೊರಗಿನ ಗಾಳಿ ಅದರಲ್ಲಿ ಸದಾ ಆಡುವಂತಿರಬೇಕು. ಎಣ್ಣೆಯ ಒತ್ತಡವನ್ನು ಯಂತ್ರ ಅಳೆಯುವುದು ಆ ಗಾಳಿಗೆ ಹೋಲಿಸಿಯೇ. ಅದನ್ನು ಮುಚ್ಚಿದರೆ, ಒಳಗೆ ಸಿಕ್ಕಿಬಿದ್ದ ಗಾಳಿ ಬಿಸಿಲಿಗೆ ಕಾದು ಹಿಂದಿನಿಂದ ಎದುರೊತ್ತುತ್ತದೆ, ಎಣ್ಣೆ ಇಳಿದಂತೆ ಕಾಣುತ್ತದೆ; ಸಂಜೆ ಅದು ತಣಿದರೆ ಮತ್ತೆ ಏರಿದಂತೆ. ಇದನ್ನು ನಾನು ಎಷ್ಟೋ ಹುಡುಗರಿಗೆ ಪಾಠ ಮಾಡಿದ್ದೇನೆ.

"ಕುಂಕುಮ ಹಚ್ಚಿದ್ದ್ಯಾರು?" ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಕಚೇರಿಯ ಗೋಡೆಯ ಮೇಲೆ, ಕಟ್ಟು ಹಾಕಿಸಿದ ಫೋಟೋದಲ್ಲಿ, ನಾನು ನಗುನಗುತ್ತ ಬೊಟ್ಟು ಇಡುತ್ತಿದ್ದೆ. ದುರುಗಪ್ಪ ಅದನ್ನು ಸಾವಕಾಶವಾಗಿ ನೋಡಿ, "ಫೋಟೋ ಚಂದ ಬಂದೈತ್ರಿ ಸರ" ಎಂದ.

ಕುಂಕುಮಕ್ಕೆ ಅಷ್ಟೊಂದು ಎಣ್ಣೆ ಹಾಕಿ ಕಲಸಿದವರ ಅವಿವೇಕವನ್ನು ನಾನು ಅಲ್ಲಿಯೇ ಖಂಡಿಸಿದೆ. ಆದರೂ ದುರುಗಪ್ಪನ ಕೆಲಸ ಉಳಿಯಿತೆಂದು ಹಗುರವಾದೆ ಎಂಬುದನ್ನು ಒಪ್ಪಲೇಬೇಕು. ಹೊರಡುವಾಗ ಅವನಿಗೊಂದು ಚಹಾ ಕೊಡಿಸಿದೆ. ಅವನು ಎರಡು ಕುಡಿದ.

ಮೊನ್ನೆ ಎರಡನೆಯ ಟ್ಯಾಂಕಿಗೂ ಉಪಕರಣ ಬಂತು, ಪೂಜೆಯೂ ಆಯಿತು. ಈ ಸಲ ದುರುಗಪ್ಪನೇ ಮುಂದೆ ಬಂದು, ಎರಡೂ ಕೈಯಿಂದ ತೆಂಗಿನಕಾಯಿಯನ್ನು ನನಗೆ ಒಪ್ಪಿಸಿ, "ನೀವು ಹಿರೇರು ಸರ. ಕಾಯಿ ನೀವೇ ಒಡೀರಿ" ಎಂದ. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವನು ಕುಂಕುಮದ ತಟ್ಟೆಯನ್ನು ತನ್ನ ಬೆನ್ನ ಹಿಂದೆ ಸರಿಸಿಕೊಂಡದ್ದು ಕಾಣಿಸಿತು. ಬಯಸಿದ ಗೌರವವೇ ಅವಮಾನವಾಗಿ ಬಂದರೆ ಅದನ್ನು ಜಮೆಗೆ ಬರೆದುಕೊಳ್ಳಬೇಕೋ ಖರ್ಚಿಗೋ ಎಂದು ಇನ್ನೂ ತೀರ್ಮಾನಿಸಿಲ್ಲ. ಕಾಯಿಯನ್ನೇನೋ ಎತ್ತಿ ಅಪ್ಪಳಿಸಿದೆ. ಮೊದಲ ಏಟಿಗೆ ಅದು ಒಡೆಯಲಿಲ್ಲ, ಎರಡನೆಯದಕ್ಕೂ ಇಲ್ಲ. ಆ ಕಾಯಿಯನ್ನು ನಾನು ಮರೆಯುವವನಲ್ಲ.